ಟೈರಿನ ಮೇಲಿನ ಮದುವೆ ಮೊಟ್ಟೆ

ಎರಚ್ ಮೊದಲ ಸಲ ಹಿಲ್ಲಾಳ ಕಣ್ಣಿಗೆ ಬಿದ್ದದ್ದು ಕೈಯಲ್ಲಿ ಕುದಿಯುವ ನೀರಿನ ಕೆಟಲು ಹಿಡಿದುಕೊಂಡು.

ಅದು ೧೯೭೯ರ ಫೆಬ್ರವರಿ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆ. ನವಸಾರಿಯ ಕಾವಸ್‌ಜಿ ಓಣಿಯ ಮನೆಗಳೆಲ್ಲ ರೈಲು ಡಬ್ಬಿಯ ಹಾಗೆ ಉದ್ದಕ್ಕೆ ಕಟ್ಟಿದವು. ಮುಂದುಗಡೆ ಬೀದಿಗೆ ಜಗುಲಿ, ಹಿಂದುಗಡೆ ಗಲ್ಲಿಗೆ ತೆರೆದುಕೊಳ್ಳುವ ಅಂಗಳ. ಹಿಲ್ಲಾಳ ಮನೆಯ ಹಿಂದಿನ ಅಂಗಳದಲ್ಲಿ ಅವಳಪ್ಪ ಡಾಕ್ಟರ್ ಮಂಚೆರ್‌ಶಾ ಅವರ ಪ್ಲಿಮತ್ ಕಾರು ನಿಂತಿತ್ತು. ೧೯೪೮ರ ಕಾರು, ಪಾರಿವಾಳದ ಮೈಬಣ್ಣ. ನಾಲ್ಕು ಟೈರುಗಳ ಪಕ್ಕೆಗೂ ಅಂಗೈ ಅಗಲದ ಬಿಳಿ ಪಟ್ಟಿ. ಆ ಬಿಳಿ ಪಟ್ಟಿಗಾಗಿಯೇ ಜನ ಓಣಿಯ ತಿರುವಿನಲ್ಲಿ ನಿಂತು ಕಾರನ್ನು ನೋಡುತ್ತಿದ್ದರು.

ಹಿಲ್ಲಾಗೆ ಆಗ ಇಪ್ಪತ್ತೇಳು ವರ್ಷ. ತಲೆಗೆ ಬಿಳಿ ಬಟ್ಟೆ ಕಟ್ಟಿ, ಮೋಟು ಮಣೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಮುಂದಿನ ಬಲ ಚಕ್ರದ ಬಿಳಿ ಪಟ್ಟಿಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಪಟ್ಟಿಯ ಮೇಲೆ ಎಂಟು ದಿನದ ಹಿಂದಿನ ಮೊಟ್ಟೆ ಒಣಗಿ ವಾರ್ನಿಷ್ ಬಳಿದ ಹಾಗೆ ಹಿಡಿದುಕೊಂಡಿತ್ತು. ಸ್ಟೇಷನ್ ರಸ್ತೆಯ ಗ್ಯಾರೇಜಿಗೆ ಬಿಲ್ಲಿಮೋರಾದಿಂದ ಹೊಸದಾಗಿ ಬಂದಿದ್ದ ಎರಚ್, ಚಾರ್ಜ್ ಮಾಡಿದ ಬ್ಯಾಟರಿಯನ್ನು ಹೆಗಲ ಮೇಲೆ ಹೊತ್ತು ಹಿಂಬಾಗಿಲಿನಿಂದ ಒಳಗೆ ಬಂದ. ಉದ್ದನೆಯ ಆಳು, ಚಪ್ಪಟೆ ಮೂಗು, ಎಡಗಿವಿಯ ಹತ್ತಿರ ಗ್ರೀಸಿನ ಕಲೆ. ಬ್ಯಾಟರಿ ಇಳಿಸಿ ಸ್ವಲ್ಪ ಹೊತ್ತು ನಿಂತು ನೋಡಿದ. ಅಂಗಳದ ಮೂಲೆಯಲ್ಲಿ ಸ್ಟೋವಿನ ಮೇಲೆ ಚಹಾಕ್ಕೆಂದು ಕುದಿಯುತ್ತಿದ್ದ ಕೆಟಲು ಅವನ ಕಣ್ಣಿಗೆ ಬಿತ್ತು. ಎತ್ತಿಕೊಂಡು ಬಂದವನೇ ಟೈರಿನ ಮೇಲೆ ಸುರಿದುಬಿಟ್ಟ.

"ಹಾಳಾದವನೇ!" ಹಿಲ್ಲಾ ಹಿಂದಕ್ಕೆ ಹಾರಿ ಬಿದ್ದಳು. "ಏನ್ ಮಾಡ್ದೆ?"

"ಜಿಡ್ಡಲ್ವಾ? ಬಿಸಿನೀರು ಬಿದ್ರೆ ಬಿಡುತ್ತೆ."

"ಜಿಡ್ಡಲ್ಲ ಕಣೋ, ಮೊಟ್ಟೆ! ಮೊಟ್ಟೆಗೆ ಬಿಸಿನೀರು ಹಾಕಿದ್ರೆ ಏನಾಗುತ್ತೆ? ನಿಮ್ಮಮ್ಮ ಬೆಳಿಗ್ಗೆ ಏನ್ ಮಾಡ್ತಾಳೆ ಮನೇಲಿ?"

ಎರಚ್ ಬಗ್ಗಿ ನೋಡಿದ. ಒಂದು ಗಂಟೆ ತಣ್ಣೀರು ಕುಡಿದು ಮೆತ್ತಗಾಗಿದ್ದ ಮೊಟ್ಟೆ ಅವನ ಕಣ್ಣೆದುರಿಗೇ ಬೆಳ್ಳಗೆ ಬಿಗಿದುಕೊಳ್ಳುತ್ತಿತ್ತು.

"ಆಮ್ಲೆಟ್," ಎಂದ, ಸಣ್ಣ ದನಿಯಲ್ಲಿ.

ಹಿಲ್ಲಾಗೆ ನಗು ಬಂತು. ಆದರೆ ಅವಳು ನಗಲಿಲ್ಲ. ಬಾಗಿಲಿನ ಕಡೆ ಬ್ರಷ್ಷು ತೋರಿಸಿದಳು. ಅವನು ಹೋದ. ಮರುದಿನ ಕೆಲಸಕ್ಕೆ ಹೋಗುವ ಮುಂಚೆ ಏಳು ಗಂಟೆಗೇ ಬಂದು, ಅಪ್ಪಣೆ ಕೇಳದೆ ಚಕ್ರದ ಮುಂದೆ ಕೂತ. ಅದಕ್ಕೆ ಮೂರು ಬೆಳಗು ಹಿಡಿಯಿತು.

ಕಾರಿನ ಟೈರಿಗೆ ಮೊಟ್ಟೆ ಯಾಕೆ ಅನ್ನುವುದು ಆ ಓಣಿಯ ವಿಷಯ. ಪಾರ್ಸಿ ಮದುವೆಗಳಲ್ಲಿ ಮದುಮಗಳು ಹೊರಡುವಾಗ ಅವಳ ತಲೆಯ ಸುತ್ತ ಮೊಟ್ಟೆ ಏಳು ಸಲ ನಿವಾಳಿಸಿ ನೆಲಕ್ಕೆ ಒಡೆಯುತ್ತಾರೆ. ಹಿಂದೊಮ್ಮೆ ಇದೇ ಓಣಿಯ ಮದುವೆಯೊಂದರಲ್ಲಿ, ಕಣ್ಣು ಮಂಜಾದ ಮುದುಕಿಯೊಬ್ಬಳು ಗುರಿ ತಪ್ಪಿ ಡಾಕ್ಟರರ ಕಾರಿನ ಚಕ್ರಕ್ಕೆ ಒಡೆದಳು. ಆ ಮದುಮಗಳಿಗೆ ವರ್ಷ ತುಂಬುವುದರೊಳಗೆ ಅವಳಿ ಮಕ್ಕಳಾದವು. ಅಲ್ಲಿಂದ ಮುಂದೆ ಓಣಿಯ ಹೆಣ್ಣುಮಕ್ಕಳೆಲ್ಲ ಅದೇ ಕಾರಿನಲ್ಲಿ ಹೋಗಬೇಕು, ಮೊಟ್ಟೆ ಅದೇ ಬಲ ಚಕ್ರಕ್ಕೆ ಒಡೆಯಬೇಕು. ಎಡ ಚಕ್ರದ ಹತ್ತಿರ ತೆಂಗಿನಕಾಯಿ. ಜೊತೆಗೆ ಇನ್ನೊಂದು ಮಾತೂ ಸೇರಿಕೊಂಡಿತು. ಮದುಮಗಳು ತವರಿಗೆ ಮರಳಿ ಬಂದು ಮೊದಲ ಊಟ ಉಣ್ಣುವ ತನಕ ಆ ಮೊಟ್ಟೆಯನ್ನು ತೊಳೆಯುವಂತಿಲ್ಲ. ತೊಳೆದರೆ ಅವಳ ಒಳಿತೂ ತೊಳೆದುಹೋಗುತ್ತದೆ. ಸಾಮಾನ್ಯವಾಗಿ ಎಂಟನೇ ದಿನ ಬರುತ್ತಿದ್ದರು. ಅಷ್ಟರಲ್ಲಿ ಬಿಸಿಲು, ಧೂಳು ಎಲ್ಲ ಸೇರಿ ಮೊಟ್ಟೆ ರಬ್ಬರಿನ ಒಡಲಿಗೇ ಇಳಿದಿರುತ್ತಿತ್ತು.

ತೊಳೆಯುವ ಕೆಲಸ ಹಿಲ್ಲಾಳದು. ಬೇರೆಯವರ ಮದುವೆಯ ಮೊಟ್ಟೆ ತೊಳೆಯುವವಳು ಎಂದು ಓಣಿಯವರು ಅವಳ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಎದುರು ಮನೆಯ ಜರ್‌ಬಾಯಿಯಂತೂ ಎದುರಿಗೇ ಹೇಳುತ್ತಿದ್ದಳು. ಓಣಿಯ ಎಲ್ಲ ಮದುವೆಗಳಲ್ಲಿ ಮೊಟ್ಟೆ ಒಡೆಯುವ ಅಧಿಕಾರ ಅವಳದು. ಬಾಯಿಯೂ ಅಷ್ಟೇ ಜೋರು.

"ಹಿಲ್ಲಾ, ನಾನು ಒಡೆಯೋದು, ನೀನು ತೊಳೆಯೋದು. ಹೀಗೇ ಆದ್ರೆ ನಿಂಗ್ಯಾರೇ ಒಡೀತಾರೆ?"

"ನೀವು ಸ್ವಲ್ಪ ಮೆಲ್ಲಗೆ ಒಡೀರಿ ಜರ್‌ಬಾಯಿ. ಮೊನ್ನೆ ಬಂಪರ್ ಒಳಗೆಲ್ಲ ಸಿಡಿದಿತ್ತು."

"ಮಾತು ಮರೆಸ್ಬೇಡ!"

ಹಿಲ್ಲಾ ಮಾತು ಮರೆಸುವುದರಲ್ಲಿ ನಿಪುಣಳು. ತಾಯಿ ಚಿಕ್ಕಂದಿನಲ್ಲೇ ಹೋಗಿದ್ದಳು. ಅಪ್ಪನಿಗೆ ದವಾಖಾನೆ, ಮಗಳಿಗೆ ಅಪ್ಪ. ಬಂದ ಎರಡು ಮೂರು ಸಂಬಂಧಗಳು ಅಪ್ಪನನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವ ಪ್ರಶ್ನೆಯ ಹತ್ತಿರ ಬಂದು ನಿಂತು, ಅಲ್ಲಿಂದಲೇ ಮರಳಿದವು.

ಆ ಮೂರು ಬೆಳಗುಗಳ ನಂತರ ಎರಚ್ ಪ್ರತಿ ಮದುವೆಯ ಎಂಟನೇ ದಿನ ಬರತೊಡಗಿದ. ಬಲಗಡೆಯ ಎರಡು ಚಕ್ರ ಅವಳದು, ಎಡಗಡೆಯ ಎರಡು ಅವನದು. ಹೀಗೆಂದು ಯಾರೂ ಹಂಚಿರಲಿಲ್ಲ, ಹಂಚಿಕೆಯಾಗಿತ್ತು. ಕೆಲಸದ ಕ್ರಮವನ್ನು ಅವಳೇ ಕಲಿಸಿದಳು. ಮೊದಲು ತಣ್ಣೀರಿನ ಬಟ್ಟೆಯನ್ನು, ಜ್ವರ ಬಂದ ಮಗುವಿನ ಹಣೆಗೆ ಹಾಕುವ ಹಾಗೆ, ಕಲೆಯ ಮೇಲೆ ಹಾಕಿ ಒಂದು ಗಂಟೆ ಬಿಡಬೇಕು. ಆಮೇಲೆ ಅಂಟುವಾಳದ ನೊರೆ. ಬ್ರಷ್ಷನ್ನು ಚಿಕ್ಕ ಚಿಕ್ಕ ಸುತ್ತುಗಳಲ್ಲಿ ಆಡಿಸಬೇಕು. ಹಳದಿ ಬೇಗ ಬಿಡುತ್ತದೆ. ಬಿಳಿ ಮಾತ್ರ ರಬ್ಬರಿನ ಸಣ್ಣ ಗೆರೆಗಳೊಳಗೆ ಗಾಜಿನ ಪದರದ ಹಾಗೆ ಕೂತಿರುತ್ತದೆ. ಅದನ್ನು ಬಿದಿರಿನ ಸೀಳಿನಿಂದ ಎಬ್ಬಿಸಿ, ಕೊನೆಗೆ ಅಡುಗೆ ಸೋಡಾದ ಹಿಟ್ಟಿನಿಂದ ಉಜ್ಜಬೇಕು. ಸೀಮೆಎಣ್ಣೆ ಹತ್ತಿರ ತರಕೂಡದು. ತಂದರೆ ಕಪ್ಪು ರಬ್ಬರಿನೊಳಗಿನ ಕಂದು ಬಣ್ಣ ಬಿಳಿಯ ಮೇಲೆ ಏಳುತ್ತದೆ. ಮತ್ತೆ ಅದು ಹೋಗುವ ಮಾತಿಲ್ಲ. ಬಾವಿ ನೀರೂ ಕೂಡದು. ಅದು ಉಪ್ಪಿನ ಬಳೆಯನ್ನು ಬಿಟ್ಟು ಆರುತ್ತದೆ. ಅದಕ್ಕೆಂದು ಅವಳು, ಮಳೆನೀರು ಹಿಡಿದಿಟ್ಟ ಮನೆಯೊಳಗಿನ ಕುಡಿಯುವ ನೀರಿನ ತೊಟ್ಟಿಯಿಂದ ಒಂದು ಕೊಡ ಕದ್ದು ತರುತ್ತಿದ್ದಳು. ಕುಡಿಯುವ ನೀರಿನಿಂದ ಚಕ್ರ ತೊಳೆಯುವುದು ಅಪ್ಪನಿಗೆ ಗೊತ್ತಾದರೆ ಮನೆ ಎರಡಾಗುತ್ತಿತ್ತು.

"ನಾನು ಹೇಳಿಬಿಡ್ತೀನಿ ಡಾಕ್ಟರಿಗೆ," ಎಂದು ಎರಚ್ ಹೆದರಿಸುತ್ತಿದ್ದ.

"ಹೇಳು. ನಾನೂ ಆಮ್ಲೆಟ್ ಕಥೆ ಗ್ಯಾರೇಜಲ್ಲಿ ಹೇಳ್ತೀನಿ."

"ಬೇಡ ಹಿಲ್ಲಾಬಾಯಿ. ಬದುಕಿಕೊಳ್ಳಲಿ ಬಿಡಿ ಬಡವ."

ಕೆಲಸ ಮುಗಿದ ಮೇಲೆ ನಿಂಬೆಹುಲ್ಲು, ಪುದೀನ ಹಾಕಿದ ಚಹಾ. ಅದರಲ್ಲಿ ಅದ್ದಿಕೊಳ್ಳಲು ಗಟ್ಟಿ ಬಿಸ್ಕತ್ತು. ಎರಚ್ ಮೆಟ್ಟಿಲ ಮೇಲೆ ಕೂರುತ್ತಿದ್ದ, ಹಿಲ್ಲಾ ಮಣೆಯ ಮೇಲೆ. ಒಂದು ವರ್ಷ ಓಣಿಯಲ್ಲಿ ಏಳು ಮದುವೆಗಳಾದವು. ಇನ್ನೊಂದು ವರ್ಷ ನಾಲ್ಕು. ಉಳಿದ ದಿನಗಳಲ್ಲಿ ಅವನು ಬರುತ್ತಿರಲಿಲ್ಲ. ಬರಲು ಕಾರಣ ಬೇಕಲ್ಲ.

೧೯೯೧ರಲ್ಲಿ ಒಂದು ದಿನ ಎಡ ಚಕ್ರದ ಹಿಂದಿನಿಂದ, ಮುಖ ಕಾಣದ ಹಾಗೆ ಕೂತು, ಅವನು ಕೇಳಿದ. "ಈ ಓಣಿ ಹುಡುಗೀರ ಮೊಟ್ಟೆ ಎಲ್ಲಾ ತೊಳೆದಾಯ್ತು. ನಿಮ್ದು ಯಾವಾಗ ಹಿಲ್ಲಾಬಾಯಿ?"

ಅವಳ ಬ್ರಷ್ಷು ನಿಲ್ಲಲಿಲ್ಲ. "ಅದನ್ನ ಕೇಳೋರು ಹಿಂಬಾಗಿಲಿಂದ ಬಂದು ಕೇಳ್ತಾರಾ? ಮುಂಬಾಗಿಲಿಂದ ಬರ್ಬೇಕು, ಟೋಪಿ ಹಾಕ್ಕೊಂಡು."

ಆ ಕಡೆಯಿಂದ ನೀರು ಎರೆಯುವ ಸದ್ದಷ್ಟೇ ಕೇಳಿತು. ಒಂದು ವಾರ ಹಿಲ್ಲಾ ಮುಂದಿನ ಜಗುಲಿಯನ್ನು ದಿನಕ್ಕೆ ಎರಡು ಸಲ ಗುಡಿಸಿದಳು, ಹೊಸ್ತಿಲಿಗೆ ಸುಣ್ಣದ ಪುಡಿಯಲ್ಲಿ ಮೀನಿನ ಚಿತ್ತಾರ ಬಿಟ್ಟಳು. ಯಾರೂ ಬರಲಿಲ್ಲ. ಮುಂದಿನ ಮದುವೆಯ ಎಂಟನೇ ದಿನ ಎರಚ್ ಎಂದಿನಂತೆ ಹಿಂಬಾಗಿಲಿನಿಂದ ಬಂದು ಎಡ ಚಕ್ರದ ಮುಂದೆ ಕೂತ. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಅಪ್ಪ ತೀರಿಕೊಂಡರು. ಹಿಲ್ಲಾ ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದಳು. ಓಣಿಯ ಮನೆಗಳಿಗೆ ಒಂದೊಂದಾಗಿ ಬೀಗ ಬಿತ್ತು. ಮದುವೆಗಳು ವರ್ಷಕ್ಕೆ ಒಂದಾಗಿ, ಆಮೇಲೆ ಎರಡು ವರ್ಷಕ್ಕೆ ಒಂದಾಗಿ, ಕೊನೆಗೆ ಒಂಬತ್ತು ವರ್ಷ ಒಂದೂ ಇಲ್ಲ. ಆ ಒಂಬತ್ತು ವರ್ಷವೂ ಹಿಲ್ಲಾ ಭಾನುವಾರ ಭಾನುವಾರ ಒಬ್ಬಳೇ ನಾಲ್ಕು ಚಕ್ರಗಳ ಧೂಳು ತೊಳೆದಳು. ಎರಚ್ ವರ್ಷಕ್ಕೊಮ್ಮೆ ಎಂಜಿನ್ ನೋಡಲು ಬರುತ್ತಿದ್ದ. ಅಷ್ಟು ಹೊತ್ತಿನಲ್ಲಿ ಅವಳ ವರ್ಷದ ಮಾತೆಲ್ಲ ಮುಗಿಯುತ್ತಿರಲಿಲ್ಲ. ಅವನ ಮಾತು ಶುರುವೇ ಆಗುತ್ತಿರಲಿಲ್ಲ.

೨೦೧೬ರ ಡಿಸೆಂಬರಿಗೆ ಜರ್‌ಬಾಯಿಯ ಮೊಮ್ಮಗಳು ತಿನಾಜ್‌ಗೆ ಮದುವೆ ಗೊತ್ತಾಯಿತು. ಹುಡುಗ ಮುಂಬಯಿಯವನು, ಹಡಗಿನ ಎಂಜಿನಿಯರ್. ಮದುವೆ ನವಸಾರಿಯಲ್ಲೇ ಆಗಬೇಕು, ಪ್ಲಿಮತ್ ಕಾರಿನಲ್ಲೇ ಹೋಗಬೇಕು ಎಂದು ಎಂಬತ್ತೊಂಬತ್ತರ ಜರ್‌ಬಾಯಿ ಹಟ ಹಿಡಿದು ಗೆದ್ದಳು. ಮೊಟ್ಟೆಯನ್ನೂ ಅವಳೇ ಒಡೆದಳು. ಕೈ ಮೇಲೆತ್ತಿ ಬೀಸಿದ ರಭಸಕ್ಕೆ ಪಕ್ಕದಲ್ಲಿದ್ದವರ ರೇಷ್ಮೆ ಸೀರೆಗೆಲ್ಲ ಸಿಡಿಯಿತು.

"ಇನ್ನೂ ತೋಳಲ್ಲಿ ಜೋರಿದೆ ನೋಡಿ!" ಎಂದಳು.

ಕಾರು ನಡೆಸಬೇಕಾಗಿದ್ದ ಎರಚ್ ಅಂದು ಬೇರೊಬ್ಬನಿಗೆ ಬೀಗದ ಕೈ ಕೊಟ್ಟ. ಅವನ ಬಲಗೈ ನಿಂತಲ್ಲಿ ನಿಲ್ಲದೆ ನಡುಗುತ್ತಿತ್ತು. ಹಿಲ್ಲಾ ಅದನ್ನು ಮೊದಲ ಸಲ ನೋಡಿದ್ದು ಆಗ. ಕಾರು ಓಣಿ ದಾಟಿದ ಮೇಲೆ ಇಬ್ಬರೇ ಉಳಿದಾಗ ಅವನೇ ಹೇಳಿದ.

"ಗ್ಯಾರೇಜ್ ಮಾರ್ತಿದಾರೆ ಹಿಲ್ಲಾಬಾಯಿ. ನನ್ನ ಕೋಣೆ ಅದರ ಹಿಂದೇನೇ ಅಲ್ವಾ? ಸೂರತ್‌ನಲ್ಲಿ ನಮ್ಮವರ ವೃದ್ಧರ ಮನೆ ಇದೆಯಲ್ಲ, ಅಲ್ಲಿ ಒಂದು ಹಾಸಿಗೆ ಸಿಕ್ಕಿದೆ. ಜನವರಿ ಒಂದಕ್ಕೆ ಹೋಗ್ತೀನಿ."

"ಯಾರು ಕೊಡ್ಸಿದ್ರು?"

"ನಾನೇ ಅರ್ಜಿ ಹಾಕಿದ್ದೆ. ಟೈರು ತೊಳೆಯೋಕೆ ಬಂದೇ ಬರ್ತೀನಿ. ಅದಿನ್ನೂ ಇಪ್ಪತ್ತೆಂಟನೇ ತಾರೀಕಲ್ವಾ?"

ಅಂದೇ ಹಿಲ್ಲಾ ತೀರ್ಮಾನ ಮಾಡಿದಳು. ಅಪ್ಪನ ಕೋಣೆ ಹತ್ತೊಂಬತ್ತು ವರ್ಷದಿಂದ ಖಾಲಿ ಇತ್ತು. ಎಂಟನೇ ದಿನ, ಚಹಾ ಕುಡಿಯುವಾಗ, ಅವಳೇ ಹೇಳುತ್ತಾಳೆ. ಸೂರತ್ ಬೇಡ, ಇಲ್ಲಿರು. ಓಣಿ ಏನು ಬೇಕಾದರೂ ಅನ್ನಲಿ. ಅನ್ನಲಿಕ್ಕೆ ಓಣಿಯಲ್ಲಿ ಎಷ್ಟು ಬಾಯಿ ಉಳಿದಿವೆ? ಅವಳು ಕೋಣೆಯ ಕಿಟಕಿಗಳನ್ನು ತೆರೆದಳು. ಹಾಸಿಗೆಯನ್ನು ಜಗುಲಿಯ ಬಿಸಿಲಿಗೆ ಹಾಕಿದಳು.

"ಯಾರಿಗೇ ಹಾಸಿಗೆ?" ಎಂದಳು ಜರ್‌ಬಾಯಿ ಎದುರು ಜಗುಲಿಯಿಂದ.

"ಹುಳ ಬಿದ್ದಿತ್ತು."

"ಹತ್ತೊಂಬತ್ತು ವರ್ಷ ಇಲ್ಲದ ಹುಳ!"

ಇಪ್ಪತ್ತೆಂಟನೇ ತಾರೀಕು ಬೆಳಿಗ್ಗೆ ಎಂಟು ಗಂಟೆಗೆ ತಿನಾಜ್ ಮುಂಬಯಿಯಿಂದ ಅಜ್ಜಿಗೆ ಫೋನು ಮಾಡಿದಳು. ಗಂಡನ ಹಡಗಿಗೆ ಹದಿನೈದು ದಿನ ಮುಂಚೆಯೇ ಕರೆ ಬಂದಿದೆ, ತಾನೂ ಜೊತೆಗೆ ಹೋಗುತ್ತಿದ್ದೇನೆ, ಊಟಕ್ಕೆ ಬರಲು ಆಗುವುದಿಲ್ಲ ಎಂದಳು. ಜರ್‌ಬಾಯಿ ಅನ್ನ, ತೊವ್ವೆ, ಮೀನಿನ ಹುಳಿಸಾರು ಎಲ್ಲ ಮಾಡಿಟ್ಟು ಕೂತಿದ್ದಳು. ಆ ಪಾತ್ರೆಗಳನ್ನು ಓಣಿಯಲ್ಲೆಲ್ಲ ಹಂಚಿದಳು. ಹಿಲ್ಲಾಳಿಗೂ ಒಂದು ಡಬ್ಬಿ ಬಂತು.

ಒಂಬತ್ತು ಗಂಟೆಗೆ ಎರಚ್ ಹಿಂಬಾಗಿಲಿನಲ್ಲಿ ನಿಂತಿದ್ದ. ಎಡಗೈಯಲ್ಲಿ ಬಕೆಟ್ಟು, ಅದರಲ್ಲಿ ರಾತ್ರಿಯೇ ನೆನೆಹಾಕಿದ ಅಂಟುವಾಳ.

"ಇವತ್ತು ತೊಳೆಯೋ ಹಾಗಿಲ್ಲ," ಎಂದಳು ಹಿಲ್ಲಾ. "ತಿನಾಜ್ ಬರ್ಲಿಲ್ಲ. ಉಂಡಿಲ್ಲ."

"ಅವಳು ಉಂಡಿದ್ದು ಬಿಟ್ಟಿದ್ದು ಮೊಟ್ಟೆಗೆ ಗೊತ್ತಾಗುತ್ತಾ?"

"ಮೂವತ್ತೇಳು ವರ್ಷ ಒಂದು ಸಲಾನೂ ತಪ್ಪಿಲ್ಲ ಎರಚ್."

"ನಾನು ಇನ್ನು ನಾಲ್ಕು ದಿನಕ್ಕೆ ಹೋಗ್ತೀನಿ."

"ಬಂದಾಗ ಹೇಳಿ ಕಳಿಸ್ತೀನಿ. ಬಾ, ಆಗ ತೊಳೆಯೋಣ. ಎರಡು ಚಕ್ರ ನಿಂದೇ ಅಲ್ವಾ?"

ಹೇಳುವಾಗ ಅವಳ ಮನಸ್ಸಿನಲ್ಲಿ ಇದ್ದದ್ದು ಶಾಸ್ತ್ರವಲ್ಲ. ಇವತ್ತೇ ತೊಳೆದರೆ ಎಲ್ಲ ಇವತ್ತೇ ಮುಗಿಯಿತು. ಓಣಿಯಲ್ಲಿ ಇನ್ನು ಮದುವೆಯಾಗುವ ಹುಡುಗಿಯರೇ ಇಲ್ಲ. ತೊಳೆಯದೆ ಬಿಟ್ಟರೆ ಅವನು ಮತ್ತೆ ಬರಲೇಬೇಕು. ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋಗುವ ಮನುಷ್ಯ ಅವನಲ್ಲ. ಅಂದ ಮೇಲೆ ಕೋಣೆಯ ಮಾತನ್ನು ಇವತ್ತೇ, ಹೀಗೆ ಬಾಗಿಲಲ್ಲಿ ನಿಂತು ಹೇಳಬೇಕಾದ ಅವಸರವೇನು? ಹೀಗೆ ಅವಳು ತನಗೆ ತಾನೇ ಒಂದಿಷ್ಟು ದಿನ ಕೊಟ್ಟುಕೊಂಡಳು.

ಎರಚ್ ಬಕೆಟ್ಟನ್ನು ಕೆಳಗಿಟ್ಟ. ಬರಿಗೈಯಲ್ಲಿ ಬಂಪರಿನ ಮೇಲಿನ ಧೂಳು ಒರೆಸಿದ. ಅವನ ಕಣ್ಣು ತೆರೆದ ಅಡುಗೆಮನೆಯ ಆಚೆ, ಕಿಟಕಿ ತೆರೆದಿಟ್ಟ ಕೋಣೆಯ ಕಡೆ ಒಮ್ಮೆ ಹೋಯಿತೋ ಇಲ್ಲವೋ, ಹಿಲ್ಲಾಗೆ ಖಚಿತವಿಲ್ಲ.

"ಹಾಗಾದ್ರೆ ಹೇಳಿ ಕಳಿಸಿ," ಎಂದು ಹೋದ. ಅಂಟುವಾಳದ ಬಕೆಟ್ಟು ಅಲ್ಲೇ ಉಳಿಯಿತು.

ಒಂದು ತಿಂಗಳು, ಎರಡು ತಿಂಗಳು ಎಂದುಕೊಂಡದ್ದು ಹದಿನಾಲ್ಕು ತಿಂಗಳಾಯಿತು. ತಿನಾಜ್ ಒಂದೊಂದು ಬಂದರಿನಿಂದ ಅಜ್ಜಿಗೆ ಚಿತ್ರ ಕಳಿಸಿದಳು. ಬರುವ ದಿನ ಮಾತ್ರ ಮುಂದೆ ಮುಂದೆ ಹೋಯಿತು. ಮಳೆಗಾಲ ಬಂದಾಗ ಹಿಲ್ಲಾ ಬಲ ಚಕ್ರಕ್ಕೆ ಗೋಣಿಚೀಲ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿದಳು. ಭಾನುವಾರಗಳಲ್ಲಿ ಮೂರು ಚಕ್ರ ತೊಳೆದು, ನಾಲ್ಕನೆಯದರ ಚೀಲ ಸರಿಸಿ ನೋಡಿ, ಮತ್ತೆ ಕಟ್ಟಿಡುತ್ತಿದ್ದಳು. ಮೊಟ್ಟೆ ಕಂದು ಬಣ್ಣಕ್ಕೆ ತಿರುಗಿತು. ಇರುವೆಗಳು ಬಂದು, ಅವುಗಳಿಗೂ ಬೇಡವಾಗಿ, ಹೋದವು. ಸೂರತ್‌ಗೆ ಫೋನು ಮಾಡಿದರೆ ಅಲ್ಲಿಯ ಆಯಾ ಕಮಲಾಬೆನ್ ಎತ್ತುತ್ತಿದ್ದಳು. ಎರಚ್‌ಗೆ ಫೋನು ಕಿವಿಗೆ ಹಿಡಿಯುವುದು ಕಷ್ಟವಾಗಿತ್ತು. ಮೊದಮೊದಲು, "ಹುಡುಗಿ ಬಂದ್ಲಾ?" ಎಂದು ಕೇಳುತ್ತಿದ್ದ. ಆಮೇಲೆ ಕೇಳುವುದನ್ನು ಬಿಟ್ಟ.

"ಮೊಟ್ಟೆ ಜೊತೆ ಅವನನ್ನೂ ಒಣಗಿಸಿಟ್ಯಲ್ಲೇ," ಎಂದಳು ಜರ್‌ಬಾಯಿ ಒಂದು ಸಂಜೆ. ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

"ಶಾಸ್ತ್ರ ನಿಮ್ಮದೇ ಜರ್‌ಬಾಯಿ."

"ನನ್ನ ಶಾಸ್ತ್ರ ಹುಡುಗೀರಿಗೆ ಕಣೇ. ನಿಂಗ್ಯಾರು ಹೇಳಿದ್ರು?"

ಹಿಲ್ಲಾ ಒಳಗೆ ಹೋಗಿ ದೀಪ ಹಚ್ಚಿದಳು. ಆ ಸಂಜೆ ಧೂಪ ಹಾಕುವುದನ್ನು ಮರೆತಳು.

೨೦೧೮ರ ಫೆಬ್ರವರಿಯ ಒಂದು ಶುಕ್ರವಾರ ತಿನಾಜ್ ಬಂದಳು. ಅಜ್ಜಿಯ ಮನೆಯಲ್ಲಿ ಕೂತು ಎರಡು ಸಲ ಬಡಿಸಿಕೊಂಡು ಉಂಡಳು. ಅವಳು ಕೈ ತೊಳೆಯುವ ಮುಂಚೆಯೇ ಹಿಲ್ಲಾ ಸೂರತ್‌ಗೆ ಫೋನು ಮಾಡಿದ್ದಳು.

ಭಾನುವಾರ ಹನ್ನೊಂದು ಗಂಟೆಗೆ ಟ್ಯಾಕ್ಸಿ ಬಂತು. ಹಿಂದಿನ ಗಲ್ಲಿಯಲ್ಲಿ ಚರಂಡಿ ಅಗೆದಿದ್ದರಿಂದ ಓಣಿಯಲ್ಲೇ ನಿಂತಿತು. ಕಮಲಾಬೆನ್ ಒಂದು ಕಡೆ, ಡ್ರೈವರ್ ಒಂದು ಕಡೆ ಹಿಡಿದುಕೊಂಡು ಎರಚ್‌ನನ್ನು ಜಗುಲಿಯ ಮೂರು ಮೆಟ್ಟಿಲು ಹತ್ತಿಸಿದರು. ಅವನು ತೊಳೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ತಲೆಯ ಮೇಲೆ ಕಪ್ಪು ವೆಲ್ವೆಟ್ ಟೋಪಿ. ಹೊಸ್ತಿಲಿನ ಈಚೆ ನಿಂತಿದ್ದ ಹಿಲ್ಲಾ ದಾರಿ ಬಿಟ್ಟಳು. ಅವನ ದೇಹ ಅರ್ಧವಾಗಿತ್ತು.

ಹಿಂದಿನ ಅಂಗಳದಲ್ಲಿ ಬೆತ್ತದ ಕುರ್ಚಿ ಹಾಕಿ ಕೂರಿಸಿದಳು. ಗೋಣಿಚೀಲ ಬಿಚ್ಚಿದಳು.

"ಅಬ್ಬಾ!" ಎಂದ ಎರಚ್. "ಇದು ಮೊಟ್ಟೆ ಅಲ್ಲ, ಸುಣ್ಣದ ಗೋಡೆ."

"ಬಿಡುತ್ತೆ. ನೀನು ನೋಡ್ತಿರು."

"ನೋಡೋದೊಂದೇ ಇನ್ನು. ಈ ಕೈಗೆ ಬ್ರಷ್ ಕೊಟ್ರೆ ನಿಮ್ಮ ಹೆಡ್‌ಲೈಟಿಗೆ ಹೊಡೆಯುತ್ತೆ."

ತೊಟ್ಟಿಯ ತಣ್ಣೀರು, ಒದ್ದೆ ಬಟ್ಟೆ. ಒಂದು ಗಂಟೆಯ ಬದಲು ಎರಡು ಗಂಟೆ ಬೇಕಾಯಿತು. ಅಷ್ಟು ಹೊತ್ತೂ ಅವರು ಗ್ಯಾರೇಜಿನ ಜಾಗದಲ್ಲಿ ಎದ್ದ ಕಟ್ಟಡದ ಬಗ್ಗೆ, ಸೂರತ್‌ನ ಉಪ್ಪಿಲ್ಲದ ಸಾರಿನ ಬಗ್ಗೆ ಮಾತಾಡಿದರು. ಬಟ್ಟೆ ತೆಗೆದಾಗ ಮೊಟ್ಟೆ ಉಬ್ಬಿ ಮೆತ್ತಗಾಗಿತ್ತು. ಹಿಲ್ಲಾ ಉಗುರಿನಿಂದ ಒತ್ತಿ ನೋಡಿದಳು. ಇನ್ನು ಅರ್ಧ ಗಂಟೆ ಉಜ್ಜಿದರೆ ಪಟ್ಟಿ ಬೆಳ್ಳಗಾಗುತ್ತದೆ. ಅರ್ಧ ಗಂಟೆ. ಆಮೇಲೆ ಚಹಾ. ಆಮೇಲೆ ಟ್ಯಾಕ್ಸಿ.

ಅವಳು ಸೋಡಾ ತರಲು ಒಳಗೆ ಹೋದಳು. ಒಲೆಯ ಮೇಲೆ ಕೆಟಲು ಕುದಿಯುತ್ತಿತ್ತು. ಸೆರಗಿನಿಂದ ಹಿಡಿ ಹಿಡಿದು ಎತ್ತಿಕೊಂಡು ಬಂದವಳೇ ಅದನ್ನು ಪೂರ್ತಿ ಬಲ ಚಕ್ರದ ಮೇಲೆ ಸುರಿದಳು.

"ಅಯ್ಯೋ! ಏನು ಮಾಡಿದ್ರಿ!" ಎರಚ್ ಕುರ್ಚಿಯಿಂದ ಏಳಲು ಹೋಗಿ ಕಮಲಾಬೆನ್ ತೋಳಿಗೆ ಆತುಕೊಂಡ.

ಹಬೆ ಆರಿತು. ಮೊಟ್ಟೆ ಬೆಳ್ಳಗೆ ಬಿಗಿದುಕೊಂಡಿತು. ಹಿಲ್ಲಾ ಖಾಲಿ ಕೆಟಲು ಹಿಡಿದು ನಿಂತೇ ಇದ್ದಳು. ಎರಚ್ ಅವಳ ಮುಖವನ್ನು ಬಹಳ ಹೊತ್ತು ನೋಡಿದ.

"ಇನ್ನು ಮೂರು ದಿನದ ಕೆಲಸ," ಎಂದ ಮೆಲ್ಲಗೆ.

"ಹೌದು. ಮೂರು ದಿನ ಇರು. ಅಪ್ಪನ ಕೋಣೆ ಖಾಲಿ ಇದೆ." ಅವಳು ಕೆಟಲನ್ನು ಕೆಳಗಿಟ್ಟಳು. "ಮೂರು ದಿನ ಆದ್ಮೇಲೂ ಇರು ಎರಚ್. ಸೂರತ್ ಬೇಡ."

ಕಮಲಾಬೆನ್ ಗೋಡೆಯ ಕಡೆ ತಿರುಗಿ, ಅಲ್ಲಿ ಇಲ್ಲದ ಏನನ್ನೋ ನೋಡತೊಡಗಿದಳು.

"ಹೋದ್ಸಲ ಬಕೆಟ್ ಹಿಡ್ಕೊಂಡು ಬಂದಿದ್ನಲ್ಲ," ಎಂದ ಎರಚ್, "ಆಗ ಹೇಳ್ಬೇಕಿತ್ತು ನೀವು. ಆಗ ಚಮಚ ಹಿಡೀತಿದ್ದೆ. ನನ್ನ ಪೈಜಾಮದ ಲಾಡಿ ನಾನೇ ಕಟ್ಕೊಳ್ತಿದ್ದೆ. ಕಿಟಕಿ ತೆಗೆದಿಟ್ಟಿದ್ದು ನೋಡ್ದೆ. ಹೇಳ್ತೀರಾ ಅಂತ ನಿಂತಿದ್ದೆ ಕೂಡ."

"ನೀನೂ ಕೇಳ್ಲಿಲ್ಲ."

"ಮುಂಬಾಗಿಲಿಂದ ಬಾ ಅಂದಿದ್ರಿ. ಗ್ಯಾರೇಜಿನವನಿಗೆ ಅದು ಬರ್ಬೇಡ ಅಂದ ಹಾಗೇ ಅಲ್ವಾ?"

"ಬಾ ಅಂದ್ರೆ ಬಾ ಅಂತಲೇ ಹೇಳಿದ್ದು ನಾನು," ಎಂದಳು ಹಿಲ್ಲಾ. "ಹೋಗ್ಲಿ. ಈಗ ಬಂದಿದೀಯಲ್ಲ. ಇರು."

ಎರಚ್ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. "ನಲವತ್ತು ವರ್ಷ ಬೇರೆಯವರ ಮೊಟ್ಟೆ ತೊಳೆದ್ರಿ ಹಿಲ್ಲಾ. ಇನ್ನು ನನ್ನ ತೊಳೆಯೋ ಕೆಲಸ ನಿಮಗೆ ಕೊಡಲ್ಲ." ಬಾಯಿ ಎಂಬ ಮರ್ಯಾದೆಯ ಬಾಲವಿಲ್ಲದೆ ಅವನು ಅವಳ ಹೆಸರು ಹಿಡಿದದ್ದು ಅದೊಂದೇ ಸಲ. ಆಮೇಲೆ ನಗಲು ನೋಡಿದ. "ಅಲ್ಲಿ ಕಮಲಾಬೆನ್ ಇದಾಳೆ. ಅವಳಿಗೆ ಸಂಬಳ ಬರುತ್ತೆ, ನಂಗೆ ನಾಚಿಕೆ ಆಗಲ್ಲ."

ಅವಳು ಮತ್ತೆ ಕೇಳಿದಳು. ಚಹಾ ಕೊಡುವಾಗ, ಲೋಟವನ್ನು ಅವನ ತುಟಿಗೆ ತಾನೇ ಹಿಡಿದು, ಇನ್ನೊಮ್ಮೆ ಕೇಳಿದಳು. ಅವನು ಬೇಡ ಎಂದು ತಲೆಯಾಡಿಸಿದ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಕೊಟ್ಟರೆ ತಿಂದ. ಐದು ಗಂಟೆಗೆ ಟ್ಯಾಕ್ಸಿ ಹೊರಟಿತು. ಎದುರು ಜಗುಲಿಯಿಂದ ಜರ್‌ಬಾಯಿ ಎಲ್ಲವನ್ನೂ ನೋಡಿದಳು.

ಮರುದಿನ ಹಿಲ್ಲಾ ಮಣೆ ಹಾಕಿಕೊಂಡು ಚಕ್ರದ ಮುಂದೆ ಕೂತಳು. ಬೆಂದ ಮೊಟ್ಟೆಯನ್ನು ಬಿದಿರಿನ ಸೀಳಿನಿಂದ ಚೂರು ಚೂರಾಗಿ ಎಬ್ಬಿಸಿದಳು, ನೊರೆ ಹಾಕಿದಳು, ಸೋಡಾ ಹಾಕಿ ಉಜ್ಜಿದಳು. ಎಲ್ಲೋ ಒಂದು ಕಡೆ ಸ್ವಲ್ಪ ಉಳಿದೀತು, ಉಳಿದರೆ ಉಳಿಯಲಿ ಎಂದು ಮನಸ್ಸಿಗೆ ಬಂದಿತ್ತು. ಆದರೆ ಕೈಗೆ ಅಷ್ಟು ವರ್ಷದ ರೂಢಿ, ಅದು ಬಿಡಲಿಲ್ಲ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಪಟ್ಟಿಯ ಮೇಲೆ ಏನೂ ಉಳಿದಿರಲಿಲ್ಲ. ನಾಲ್ಕು ಚಕ್ರಗಳೂ ಒಂದೇ ಬಿಳುಪಿಗೆ ಬಂದವು.

ಹಿಲ್ಲಾಗೆ ಈಗ ಎಪ್ಪತ್ತು ದಾಟಿದೆ. ಕಾರು ಎಲ್ಲಿಗೂ ಹೋಗುವುದಿಲ್ಲ. ಭಾನುವಾರ ಬೆಳಿಗ್ಗೆ ಅವಳು ತೊಟ್ಟಿಯಿಂದ ಒಂದು ಕೊಡ ನೀರು ಸೇದಿ ನಾಲ್ಕು ಟೈರುಗಳನ್ನು ತೊಳೆದು ಒರೆಸುತ್ತಾಳೆ. ತಿಂಗಳ ಮೊದಲ ಶನಿವಾರ ಬೆಳಗಿನ ರೈಲಿನಲ್ಲಿ ಸೂರತ್‌ಗೆ ಹೋಗಿ, ಎರಚ್‌ನ ಹಾಸಿಗೆಯ ಪಕ್ಕ ಒಂದು ಗಂಟೆ ಕೂತು, ಮಧ್ಯಾಹ್ನದ ರೈಲಿಗೆ ಮನೆಗೆ ಬರುತ್ತಾಳೆ.